ಒಂಬತ್ತು ಮಳೆಗಾಲ ಅಂಗಳದಲ್ಲೇ ಬಿದ್ದಿದ್ದ ಫೈಬರ್ ದೋಣಿ: ಉಳಿಯುತ್ತಾ ಇಲ್ವಾ ಅಂತ ಬಿಚ್ಚಿ ನೋಡಿದ್ದು

ಉಡುಪಿ ಜಿಲ್ಲೆಯ ಗಂಗೊಳ್ಳಿ ಹತ್ರ ಪಂಚಗಂಗಾವಳಿ ಹೊಳೆ ದಂಡೆಯಲ್ಲಿ ನಮ್ಮನೆ. ಅಪ್ಪಯ್ಯ 2003ರಲ್ಲಿ ಮಾಡಿಸಿದ ಫೈಬರ್ ದೋಣಿ ಇದು, 20 ಅಡಿ ಉದ್ದ, ನಡುವಲ್ಲಿ 5 ಅಡಿ ಅಗಲ, ಹಿಂದೆ ಔಟ್‌ಬೋರ್ಡ್ ಇಂಜಿನ್ ಕಟ್ಟೋ ಥರದ್ದು. 2016ರ ಮೇ ತಿಂಗಳಲ್ಲಿ ಮಳೆಗಾಲಕ್ಕೆ ಅಂತ ಮೇಲೆ ಎಳೆದು ಮಾವಿನಮರದ ಬುಡದಲ್ಲಿ ಇಟ್ಟದ್ದು, ಆ ಜೂನ್‌ನಲ್ಲಿ ಅಪ್ಪಯ್ಯಂಗೆ ಪಾರ್ಶ್ವವಾಯು ಆಯ್ತು, ಮತ್ತೆ ದೋಣಿ ಕಡೆ ಯಾರೂ ತಿರುಗಿ ನೋಡ್ಲಿಲ್ಲ. ಕವುಚಿ ಹಾಕಿದ್ರೂ ಆಗ್ತಿತ್ತು, ಹಾಕ್ಲಿಲ್ಲ. ನಮ್ಮ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಬಾಯಿ ಮೇಲಾಗಿ ಬಿದ್ದಿರೋ ದೋಣಿ ಅಷ್ಟನ್ನೂ ಕುಡಿಯುತ್ತೆ, ಮೇಲಿಂದ ಮಾವಿನೆಲೆ ಬಿದ್ದು ನೀರು ಹೋಗೋ ತೂತು ಮುಚ್ಚಿ ಡಿಸೆಂಬರ್ ತನಕ ಒಳಗೆ ನೀರು ನಿಂತೇ ಇರುತ್ತೆ. ಹೀಗೆ ಒಂಬತ್ತು ಮಳೆಗಾಲ.

ಇದನ್ನ ಬರೀತಿರೋದು ಯಾಕಂದ್ರೆ, ಹಳೇ ಫೈಬರ್ ದೋಣಿ ತಗೊಳ್ಳೋರು, ಮನೇಲಿ ಬಿದ್ದಿರೋದನ್ನ ಎಬ್ಬಿಸೋರು ಎಲ್ರೂ ಮೊದಲು ನೋಡೋದು ಹೊರಗಿನ ಬಣ್ಣ, ಬಿರುಕು, ನಾನೂ ಅದನ್ನೇ ನೋಡಿದ್ದು. ಆದ್ರೆ ಫೈಬರ್ ಕೊಳೆಯಲ್ಲ. ಕೊಳೆಯೋದು ಅದರ ಹೊಟ್ಟೆಯೊಳಗಿರೋ ಮರ, ನೀರು ಹಿಡಿಯೋದು ಅದರ ಹೊಟ್ಟೆಯೊಳಗಿರೋ ಫೋಮು.

ನವೆಂಬರ್ 2024, ಮೊದಲನೇ ತಪ್ಪು

ದೀಪಾವಳಿ ರಜೆಯಲ್ಲಿ ಹುರುಪು ಬಂದು ಕಸ ತೆಗೆದು, ಹೊರಗೆ ಮರಳು ಕಾಗದ ಉಜ್ಜಿ, ಎರಡು ಕೋಟ್ ಎನಾಮೆಲ್ ಪೇಂಟ್ ಹೊಡೆದುಬಿಟ್ಟೆ. ಪೇಂಟು, ಬ್ರಷ್ಷು, ಥಿನ್ನರ್ ಸೇರಿ 4,800 ರೂಪಾಯಿ. ನೋಡೋಕೆ ಹೊಸ ದೋಣಿ ಥರಾನೇ ಆಯ್ತು, ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಕ್ರಿಸ್ಮಸ್ ಹೊತ್ತಿಗೆ ಬಿಸಿಲು ಬೀಳೋ ಕಡೆ ಪೇಂಟು ಹಪ್ಪಳ ಥರ ಎದ್ದಿತ್ತು. ಒಳಗಿದ್ದ ತೇವ ಹೊರಗೆ ಬರೋಕೆ ನೋಡ್ತಿದೆ, ನಾನು ಮೇಲಿಂದ ಮುಚ್ಚಳ ಹಾಕಿದ್ದೀನಿ. ಅದೂ ಅಲ್ದೆ ಎಲ್ಲಿ ಬಿರುಕು ಇತ್ತು, ಎಲ್ಲಿ ಹಳೇ ತೇಪೆ ಇತ್ತು ಅನ್ನೋ ಗುರುತೆಲ್ಲ ಪೇಂಟಿನ ಅಡಿಗೆ ಹೋಯ್ತು.

ಊರಲ್ಲಿ ಫೈಬರ್ ದೋಣಿ ರಿಪೇರಿ ಮಾಡೋ ಹಿರಿಯರೊಬ್ರು ಬಂದು ನೋಡಿ ಕೇಳಿದ್ದು ಒಂದೇ ಮಾತು: "ಬಣ್ಣ ಬಳ್ದ್ರೆ ದೋಣಿ ಹೊಸತ್ ಆತ್ತಾ? ಮೊದ್ಲ್ ತೂಕ ಕಾಣ್, ಆಮೇಲ್ ಶಬ್ದ ಕೇಣ್, ಕಡಿಗೆ ತೂತ್ ಹಾಕ್." ನಾನು ಆಮೇಲೆ ಮಾಡಿದ ಅಷ್ಟೂ ಕೆಲಸ ಈ ಮೂರು ಮಾತಿನೊಳಗೇ ಬರುತ್ತೆ.

ಜನವರಿ 12, ಪೇಂಟು ಕೆರೆದದ್ದು

ಎರಡು ಭಾನುವಾರ ಇದಕ್ಕೇ ಹೋಯ್ತು. ಸ್ಕ್ರೇಪರ್, ಆಮೇಲೆ ಆಂಗಲ್ ಗ್ರೈಂಡರ್‌ಗೆ 60 ಗ್ರಿಟ್‌ನ ಫ್ಲಾಪ್ ಡಿಸ್ಕ್, ಐದು ಡಿಸ್ಕ್ ಖರ್ಚಾಯ್ತು, 450 ರೂಪಾಯಿ. ಇಲ್ಲಿ ಎರಡನೇ ತಪ್ಪು, ಮುಖಕ್ಕೆ ಬರೀ ಬಟ್ಟೆ ಮಾಸ್ಕ್ ಹಾಕಿದ್ದೆ, ಅರ್ಧ ತೋಳಿನ ಬನಿಯನ್ನು. ಫೈಬರ್ ಧೂಳು ಮೈಗೆ ಚುಚ್ಚಿ ಎರಡು ರಾತ್ರಿ ನಿದ್ದೆ ಇಲ್ಲ, ಮೂರು ದಿನ ಒಣ ಕೆಮ್ಮು. ಮರುವಾರ 1,450 ಕೊಟ್ಟು ಕಾರ್ಟ್ರಿಜ್ ಇರೋ ಮಾಸ್ಕ್, ಕನ್ನಡಕ, ಉದ್ದ ತೋಳಿನ ಹಳೇ ಅಂಗಿ. ಕೈಗೆ ಮುಂಚೆಯೇ ಪೌಡರ್ ಬಳಿದುಕೊಂಡು, ಕೆಲಸ ಮುಗಿದ ಮೇಲೆ ಮೊದಲು ತಣ್ಣೀರಲ್ಲೇ ಸ್ನಾನ ಮಾಡಿದ್ರೆ ತುರಿಕೆ ಎಷ್ಟೋ ಕಡಿಮೆ, ಉಜ್ಜಿದ್ರೆ ಚುಚ್ಚಿರೋದು ಇನ್ನೂ ಒಳಗೆ ಹೋಗುತ್ತೆ. ಮಾಸ್ಕ್ ಇಲ್ದೆ ಫೈಬರ್‌ಗೆ ಗ್ರೈಂಡರ್ ಮುಟ್ಟಿಸ್ಬೇಡಿ, ಐದು ನಿಮಿಷದ ಕೆಲಸ ಆದ್ರೂ ಸರಿ.

ಪೇಂಟು ಹೋದ ಮೇಲೆ ಹಳೇ ಜೆಲ್‌ಕೋಟ್, ಅಂದ್ರೆ ಫೈಬರಿನ ನುಣುಪು ಹೊರಪದರ, ಕಾಣಿಸ್ತು. ಕಪ್ಪು ಬಟ್ಟೆಯಲ್ಲಿ ಒರೆಸಿದ್ರೆ ಸುಣ್ಣದ ಹಾಗೆ ಬಿಳಿ ಪುಡಿ ಅಂಟುತ್ತೆ, ಬಿಸಿಲಿಗೆ ಸತ್ತಿದ್ದು, ಅದು ಮೇಲ್ಮೈ ಮಾತ್ರ, ಭಯ ಇಲ್ಲ. ಬದಿಯಲ್ಲಿ ಜೇಡರ ಬಲೆ ಥರ ಸಣ್ಣ ಬಿರುಕು ಮೂರು ಕಡೆ. ತಳದಲ್ಲಿ ಉದ್ದುದ್ದ ಗೀರು, ಇಳಿತದ ಹೊತ್ತಲ್ಲಿ ಹೊಳೆಯ ಚಿಪ್ಪುಕಲ್ಲಿಗೆ ಉಜ್ಜಿದ್ದು. ಮುಂದಿನ ಮೂಗಿನಿಂದ ಸುಮಾರು ನಾಲ್ಕು ಅಡಿ ಹಿಂದಕ್ಕೆ, ತಳದಲ್ಲಿ, ಒಂದು ದೊಡ್ಡ ಹಳೇ ತೇಪೆ. ಉಳಿಯ ಮೂತಿ ಅಂಚಿಗೆ ಇಟ್ಟು ಎಬ್ಬಿಸಿದ್ರೆ ಇಡೀ ತೇಪೆ ಒಂದು ತಟ್ಟೆ ಥರ ಬಂದುಬಿಡ್ತು, ಅಡಿಯಲ್ಲಿ ಹಳೇ ಪೇಂಟು ಹೊಳೀತಾ ಇದೆ! ಗಟ್ಟಿಯಾದ ಫೈಬರ್ ಮೇಲೆ ಹೊಸ ರೆಸಿನ್ (ಗಾಜಿನ ಎಳೆಗಳನ್ನ ಕಚ್ಚಿ ಗಟ್ಟಿಯಾಗೋ ಅಂಟು) ಹಿಡಿಯೋದು ಉಜ್ಜಿದ ಗೀರಿನ ಹಿಡಿತದಿಂದ, ಪೇಂಟಿನ ಮೇಲೆ ಹಚ್ಚಿದ್ರೆ ಅದು ಹಿಡಿದುಕೊಂಡಿರೋದು ಪೇಂಟನ್ನ ಮಾತ್ರ. ಯಾರು ಹಾಕಿದ್ದೋ ಅಪ್ಪಯ್ಯಂಗೂ ನೆನಪಿಲ್ಲ.

ಜನವರಿ 26, ತೂಕ

ಖಾಲಿ ದೋಣಿ ತೂಗೋದು ಅಂದ್ರೆ ಮೊದಲು ನಂಗೆ ಇದೆಲ್ಲ ಎಂತಕ್ಕೆ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಒಳಗೆ ಎಷ್ಟು ನೀರು ಕೂತಿದೆ ಅಂತ ಹೇಳೋಕೆ ಇದಕ್ಕಿಂತ ನೇರ ದಾರಿ ಇಲ್ಲ. ಇದೇ ಅಳತೆಯ ದೋಣಿ ಮಾಡೋರನ್ನ ಕೇಳಿದೆ, ಇಂಜಿನ್ ಇಲ್ದೆ, ಬಲೆ ಇಲ್ದೆ ಹೊಸದು 350 ಕೆಜಿ ಆಸುಪಾಸು ಬರುತ್ತೆ ಅಂದ್ರು.

ಬೋರ್‌ವೆಲ್ ಪಂಪ್ ಎತ್ತೋರ ಹತ್ರ ಕಬ್ಬಿಣದ ಮುಕ್ಕಾಲಿ ಮತ್ತೆ ಚೈನ್ ಪುಲ್ಲಿ ದಿನಕ್ಕೆ 500ಕ್ಕೆ ತಂದೆ, ಗುಜರಿ ಅಂಗಡಿಯಿಂದ 500 ಕೆಜಿ ತನಕ ತೂಗೋ ನೇತುಹಾಕೋ ಡಿಜಿಟಲ್ ತಕ್ಕಡಿ, ಅದಕ್ಕೆ 200. ಇಡೀ ದೋಣಿ ಒಂದೇ ಸಲ ಎತ್ತೋದು ಬೇಡ, ಮೊದಲು ಮುಂದಿನ ತುದಿ ಎತ್ತಿ ಓದೋದು, ಆಮೇಲೆ ಹಿಂದಿನ ತುದಿ ಎತ್ತಿ ಓದೋದು, ಎರಡೂ ಕೂಡಿಸೋದು.

ಮೊದಲ ಸಲ 391 ಬಂತು, ಖುಷಿ ಆಯ್ತು. ಆದ್ರೆ ಲೆಕ್ಕ ತಪ್ಪಿತ್ತು. ಮುಂದಿನ ತುದಿ ಎತ್ತುವಾಗ ಹಿಂದಿನ ತುದಿ ನೆಲಕ್ಕೆ ಊರಿರ್ಬೇಕು, ನನ್ನ ದೋಣಿ ಊರಿದ್ದು ತಳದ ನಡುಭಾಗದ ಹತ್ರ ಇದ್ದ ಮರದ ದಿಮ್ಮಿ ಮೇಲೆ, ತಕ್ಕಡಿಗೆ ಬರ್ಬೇಕಾದ ಒಂದಷ್ಟು ಭಾರ ಆ ದಿಮ್ಮಿನೇ ಹೊತ್ತುಕೊಂಡಿತ್ತು. ಹಗ್ಗ ಕಟ್ಟೋ ಎರಡು ಜಾಗದ ನೇರ ಅಡಿಗೇ ಒಂದೊಂದು ಅಡ್ಡ ಮರ ಇಟ್ಟು, ನಡುವಿನ ದಿಮ್ಮಿ ತೆಗೆದು ಮತ್ತೆ ತೂಗಿದೆ. ಮುಂದೆ 168, ಹಿಂದೆ 287, ಒಟ್ಟು 455. ನೂರು ಕೆಜಿಗಿಂತ ಜಾಸ್ತಿ ಹೆಚ್ಚುವರಿ, ಅದರಲ್ಲಿ ಬಹುಪಾಲು ಹಿಂದೆ.

ಫೆಬ್ರವರಿ 2, ತಟ್ಟಿ ಕೇಳಿದ್ದು

ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು ಹಿಡಿಯಿಂದ ತಟ್ಟೋದು, ಒಂದೊಂದು ಗೇಣಿಗೆ ಒಂದೊಂದು ಏಟು, ಗಟ್ಟಿ ಇರೋ ಕಡೆ "ಟಕ್" ಅಂತ ಚುರುಕಾಗಿ ಬರುತ್ತೆ, ಪದರ ಬಿಟ್ಟಿರೋ ಕಡೆ ಅಥವಾ ಒಳಗೆ ಮರ ಕೊಳೆತಿರೋ ಕಡೆ "ಡಬ್". ಡಬ್ ಅಂದಲ್ಲೆಲ್ಲ ಚಾಕ್‌ಪೀಸಲ್ಲಿ ಗೆರೆ. ಎಡಬದಿ ಮುಗಿಸೋ ಹೊತ್ತಿಗೆ ಅರ್ಧ ದೋಣಿ ತುಂಬ ಗೆರೆ ಆಗಿ ನಂಗೆ ಕೈಕಾಲು ಬಿದ್ದುಹೋಯ್ತು. ಆಮೇಲೆ ಕಂಡದ್ದು, ದೋಣಿ ಆ ಬದಿಗೆ ವಾಲಿ ಮರಳಿಗೆ ಒತ್ತಿಕೊಂಡಿತ್ತು, ಮರಳು ತಾಗಿರೋ ಕಡೆ ಎಲ್ಲಾ ಶಬ್ದ ಸತ್ತೇ ಕೇಳುತ್ತೆ. ನಾಲ್ಕು ಹಳೇ ಟೈರ್ ಮೇಲೆ ಎತ್ತಿಟ್ಟು ಮೊದಲಿಂದ ತಟ್ಟಿದೆ.

ಅಪ್ಪಯ್ಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ರು. ಬಲಗೈ ಆಡಲ್ಲ, ಮಾತು ನಿಧಾನ, ಆದ್ರೆ ಕಿವಿ ಏನೂ ಆಗಿಲ್ಲ. ನಾನು ಟಕ್ ಅಂತಲೇ ಬಿಟ್ಟು ಮುಂದೆ ಹೋದ ಒಂದು ಕಡೆ, "ಅಲ್ ಮತ್ತೊಂದ್ ಸಲ ಹೊಡಿ ಕಾಂಬ" ಅಂದ್ರು. ಹೊಡೆದೆ. "ಒಂಚೂರ್ ಕೆಳ್ಗೆ." ಡಬ್. ಹಿಂದಿನ ಸೀಟಿನ ಅಡಿ, ಬಲಕ್ಕೆ, ಅಂಗೈ ಅಗಲದ ಜಾಗ. ಇಪ್ಪತ್ತು ಅಡಿ ದೂರದಿಂದ ಅವರು ಕೇಳಿದ್ದು ನಂಗೆ ಪಕ್ಕದಲ್ಲಿ ಕೂತು ಕೇಳಿರ್ಲಿಲ್ಲ. ಆಮೇಲೆ ಮಧ್ಯಾಹ್ನ ಪೂರ್ತಿ ನಾನು ತಟ್ಟೋದು, ಅವರು ಹೇಳೋದು.

ಕೊನೆಗೆ ಉಳಿದ ಡಬ್: ಟ್ರಾನ್ಸಮ್, ಅಂದ್ರೆ ಇಂಜಿನ್ ಕಚ್ಚಿಸೋ ಹಿಂದಿನ ಗೋಡೆ, ಅದರ ಕೆಳಗಿನ ಮೂರರಲ್ಲಿ ಎರಡು ಭಾಗ. ಮುಂದಿನ ಹಳೇ ತೇಪೆಯ ಸುತ್ತ ಒಂದು ಅಡಿ. ಸೀಟಿನ ಅಡಿಯ ಆ ಅಂಗೈ ಜಾಗ. ಬದಿಗಳು ಎರಡೂ ಸರಿ.

ಇದೇ ವಾರ ಆನ್‌ಲೈನಲ್ಲಿ 1,100 ಕೊಟ್ಟು ಮರದ ತೇವ ಅಳೆಯೋ ಎರಡು ಮುಳ್ಳಿನ ಮೀಟರ್ ತರಿಸಿದ್ದೆ. ಫೈಬರ್‌ಗೆ ಮುಳ್ಳು ಚುಚ್ಚಲ್ಲ, ಮೇಲಿಟ್ಟು ಒತ್ತಿದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಉಪ್ಪಿನಂಶ ತೊಳೆದ ಮೇಲೆ ಇನ್ನೊಂದು ಸಂಖ್ಯೆ. ಈ ಕೆಲಸಕ್ಕೆ ಅದು ಬೇಡ.

ಫೆಬ್ರವರಿ 9, ಒಳಗಿನ ಗುಳ್ಳೆ

ಹೊರಗಿನ ತಳದಲ್ಲಿ ಗುಳ್ಳೆ ಹುಡುಕಿದೆ, ಸಿಕ್ಕಿದ್ದು ನಾಲ್ಕೈದು. ಒಳಗೆ ನೀರು ನಿಲ್ತಿದ್ದ ಕಡೆ ಉಜ್ಜಿ ತೊಳೆದು ಟಾರ್ಚ್ ಅಡ್ಡ ಹಿಡಿದು ನೋಡಿದ್ರೆ 64 ಗುಳ್ಳೆ, ಹೆಸರುಕಾಳಿನಿಂದ ಹಿಡಿದು ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದು ತನಕ. ಟಾರ್ಚ್ ನೇರ ಬಿಟ್ರೆ ಒಂದೂ ಕಾಣಲ್ಲ, ಬೆಳಕು ಮೇಲ್ಮೈಗೆ ಸಮಾನಾಂತರ ಬೀಳ್ಬೇಕು, ಆವಾಗ ಪ್ರತಿ ಗುಳ್ಳೆಗೂ ಒಂದು ನೆರಳು.

ಒಂದನ್ನ ಮೊಳೆಯಿಂದ ಚುಚ್ಚಿದೆ, ಕನ್ನಡಕ ಹಾಕಿದ್ದು ಒಳ್ಳೇದಾಯ್ತು, ಒಳಗಿನ ರಸ ಚಿಮ್ಮಿ ಬಂತು. ಮುಟ್ಟಿದ್ರೆ ಅಂಟಂಟು, ವಾಸನೆ ಹುಳಿ ವಿನೆಗರ್ ಥರ. ಪಾಲಿಯೆಸ್ಟರ್ ರೆಸಿನ್ ವರ್ಷಗಟ್ಟಲೆ ನೀರಲ್ಲಿ ನೆನೆದಾಗ ಒಳಗೇ ಒಡೆದು ಹೀಗೆ ಆಮ್ಲ ಆಗುತ್ತೆ, ಆ ಆಮ್ಲ ಇನ್ನಷ್ಟು ನೀರು ಒಳಗೆ ಎಳೆಯುತ್ತೆ. ಪಕ್ಕದ ಮನೆ ಹುಡುಗಿ ಹತ್ರ ಇದ್ದ ಲಿಟ್ಮಸ್ ಕಾಗದ ತಂದು ಅದ್ದಿದ್ರೆ ನೀಲಿ ಕೆಂಪಾಯ್ತು. ಹತ್ತು ಗುಳ್ಳೆ ಕೆರೆದು ಒಳಗೆ ನೋಡಿದೆ, ಎಂಟು ಮೇಲಿನ ಪದರದಲ್ಲೇ ನಿಂತಿದೆ, ಎರಡರಲ್ಲಿ ಮಾತ್ರ ಒಳಗಿನ ಮ್ಯಾಟಿನ, ಅಂದ್ರೆ ಗಾಜಿನ ಹಾಸಿನ, ಬಿಳಿ ಎಳೆ ಕಾಣ್ತು. ಗುಳ್ಳೆ ಎಷ್ಟಿವೆ ಅನ್ನೋದಕ್ಕಿಂತ ಎಷ್ಟು ಆಳ ಇವೆ ಅನ್ನೋದೇ ಮುಖ್ಯ, ಇದು ರಿಪೇರಿ ಆಗೋ ಜಾತಿದು.

ಫೆಬ್ರವರಿ 16, ಟ್ರಾನ್ಸಮ್‌ಗೆ ತೂತು

ಮೊದಲು ತೂತಿಲ್ದೆ ಒಂದು ಪರೀಕ್ಷೆ. ಟ್ರಾನ್ಸಮ್‌ಗೆ ಐದು ಅಡಿ ಉದ್ದದ ಮರದ ಪಟ್ಟಿ ಸಿ ಕ್ಲಾಂಪ್ ಹಾಕಿ ನೆಟ್ಟಗೆ ಕಟ್ಟಿ, ಮೇಲಿನ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಿದೆ, ಇಂಜಿನ್ ಓಡುವಾಗ ಬೀಳೋ ತಿರುಚಿನ ಹಾಗೆ. ಎರಡು ಬದಿಗೂ ಅಡ್ಡ ದಾರ ಎಳೆದು ಸ್ಕೇಲ್ ಹಿಡಿದು ನೋಡಿದ್ರೆ ಗೋಡೆ 9 ಮಿಲಿಮೀಟರ್ ಆಡ್ತು. ಗಟ್ಟಿ ಗೋಡೆ ಕಣ್ಣಿಗೆ ಕಾಣೋ ಹಾಗೆ ಆಡಬಾರದು.

ಆಮೇಲೆ ಒಳಬದಿಯಿಂದ 6 ಎಂಎಂ ಬಿಟ್‌ನಲ್ಲಿ ಒಂಬತ್ತು ತೂತು, ಮೂರು ಸಾಲು, ಸಾಲಿಗೆ ಮೂರು. ಬಿಟ್‌ಗೆ 25 ಎಂಎಂ ಆಳಕ್ಕೆ ಟೇಪ್ ಸುತ್ತಿದ್ದೆ, ಒಳಗಿನ ಫೈಬರ್ ದಾಟಿ ಮರ ಮುಟ್ಟಿದ್ರೆ ಸಾಕು, ಹೊರಗಿನ ಚರ್ಮ ಮುಟ್ಟಬಾರದು. ಏಳನೇ ತೂತಿಗೆ ಟೇಪ್ ಜಾರಿದ್ದು ಗಮನಿಸ್ಲಿಲ್ಲ, ಮರ ಇಲ್ಲವೇ ಇಲ್ಲ ಅನ್ನೋ ಹಾಗೆ ಬಿಟ್ ಸೀದಾ ಹೋಗಿ ಹೊರಗೆ ಬಂತು. ಈಗ ಹೊರಗಿನಿಂದಲೂ ಒಂದು ತೂತು ಮುಚ್ಚೋ ಕೆಲಸ.

ಪ್ರತಿ ತೂತಿನ ಪುಡಿಯನ್ನ ಬೇರೆ ಬೇರೆ ಕಾಗದದಲ್ಲಿ ಹಿಡಿದು ನಂಬರ್ ಬರೆದೆ. ಮೇಲಿನ ಸಾಲು ಒಣ, ಹಳದಿ, ಮರದ ವಾಸನೆ. ನಡುವಿನ ಸಾಲು ಕಂದು, ಒದ್ದೆ, ಬೆರಳಲ್ಲಿ ಹಿಂಡಿದ್ರೆ ಉಂಡೆ ಆಗುತ್ತೆ. ಕೆಳಗಿನ ಸಾಲಲ್ಲಿ ಪುಡಿನೇ ಇಲ್ಲ, ಕಾಫಿ ಗಸಿ ಥರ ಕಪ್ಪು ಕೆಸರು, ನಡುವಿನ ತೂತಿಂದ ಕಪ್ಪು ನೀರು ಮುಕ್ಕಾಲು ಗಂಟೆ ತೊಟ್ಟಿಕ್ಕಿತು, ಅಡಿಗೆ ಮಗ್ ಇಟ್ಟು ಹಿಡಿದ್ರೆ 350 ಎಂಎಲ್. ನೀರು ಹೊಕ್ಕಿದ್ದು ಎಲ್ಲಿಂದ ಅಂತ ಅಪ್ಪಯ್ಯನೇ ಹೇಳಿದ್ರು. 2012ರಲ್ಲಿ ಇಂಜಿನ್ ಬದಲಾಯಿಸಿದಾಗ ಬೋಲ್ಟ್ ಜಾಗ ಬೇರೆ ಆಗಿ ಹೊಸ ತೂತು ಕೊರೆಸಿದ್ರಂತೆ, ಹಳೇ ನಾಲ್ಕು ತೂತಿಗೆ ರಬ್ಬರ್ ಬಿರಡೆ ತುರುಕಿ ಮೇಲೆ ಗ್ರೀಸ್. ಬೆರಳು ದಪ್ಪದ ನಾಲ್ಕು ತೂತೂ ಬೇಡ, ಪ್ಲೈವುಡ್‌ನ ಅಂಚು ಒಂದು ಕಡೆ ಬರಿದಾಗಿದ್ರೆ ನೀರು ಪದರ ಪದರವಾಗಿ ಎಳೆದುಕೊಂಡು ಹೋಗುತ್ತೆ.

ಫೆಬ್ರವರಿ 23, ಫೋಮು ಮತ್ತೆ ಒಳ ಪಟ್ಟಿ

ಹಿಂದಿನ ಸೀಟು ಒಂದು ಮುಚ್ಚಿದ ಪೆಟ್ಟಿಗೆ, ಒಳಗೆ ತೇಲಲಿ ಅಂತ ಸುರಿದ ಪಿಯು (ಪಾಲಿಯುರೆಥೇನ್) ಫೋಮ್. ಮೇಲಿನ ಹಲಗೆ ಗ್ರೈಂಡರಲ್ಲಿ ಕೊಯ್ದು ತೆಗೆದ್ರೆ ಫೋಮ್ ನೋಡೋಕೆ ಚೆನ್ನಾಗೇ ಇದೆ, ಹಳದಿ, ಒಣಗಿದ ಹಾಗೆ. ಮೇಲಿನ ಎರಡು ಇಂಚು ಮಾತ್ರ. ಬ್ರೆಡ್ ಕೊಯ್ಯೋ ಚಾಕುವಲ್ಲಿ ತಳದ ಕಡೆಯಿಂದ 10 ಸೆಂಟಿಮೀಟರಿನ ಚೌಕ ತುಂಡು, ಅಂದ್ರೆ ಸರಿಯಾಗಿ ಒಂದು ಲೀಟರ್, ಕೊಯ್ದು ಅಡಿಗೆ ಮನೆ ತಕ್ಕಡಿಯಲ್ಲಿ ಇಟ್ಟೆ. ಈ ಜಾತಿ ಫೋಮ್ ಲೀಟರಿಗೆ 35-40 ಗ್ರಾಂ ಇರ್ಬೇಕು. ಬಂದದ್ದು 612 ಗ್ರಾಂ. ಹಿಂಡಿದ್ರೆ ನೀರು ಬರಲ್ಲ, ಒಣಗಿಸ್ತೀನಿ ಅಂತ ಒಂದು ತುಂಡು ವಾರ ಪೂರ್ತಿ ಬಿಸಿಲಲ್ಲಿ ಇಟ್ಟೆ, 540ಕ್ಕೆ ಇಳೀತು ಅಷ್ಟೇ. ನೀರು ಹಿಡಿದ ಫೋಮ್ ಒಣಗಿಸೋ ಆಸೆ ಬಿಟ್ಟುಬಿಡಿ, ಕಿತ್ತು ಎಸೆಯೋದೇ. ಪೆಟ್ಟಿಗೆಯ ಅಳತೆ ಸುಮಾರು 110 ಲೀಟರ್, ಪೂರ್ತಿ ಹೀಗೇ ನೆನೆದಿದ್ರೆ ಇದೊಂದರಲ್ಲೇ ಅರವತ್ತೈದು ಕೆಜಿ ಮೇಲೆ. ಅಪ್ಪಯ್ಯ ಕೇಳಿ ಹಿಡಿದ ಡಬ್ ಜಾಗ ಇದರ ಅಡಿಯೇ, ಫೋಮ್ ಕಿತ್ತ ಮೇಲೆ ಅಲ್ಲಿ ತಟ್ಟಿದ್ರೆ ಟಕ್ ಅಂತು, ಫೈಬರ್‌ಗೆ ಏನೂ ಆಗಿರ್ಲಿಲ್ಲ.

ಒಳ್ಳೇ ಸುದ್ದಿ ಸ್ಟ್ರಿಂಗರ್‌ನಲ್ಲಿ. ತಳದ ಉದ್ದಕ್ಕೂ ಹೋಗೋ ಎರಡು ಪಟ್ಟಿ, ಮರದ ಮೇಲೆ ಫೈಬರ್ ಸುತ್ತಿದ್ದು. ಟ್ರಾನ್ಸಮ್ ನೋಡಿದ ಮೇಲೆ ಇದೂ ಹೋಗಿರುತ್ತೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಮೂರು ಕಡೆ ತೂತು ಹಾಕಿದೆ. ಮೂರರಲ್ಲೂ ಗಟ್ಟಿ ಹಳದಿ ಚೂರು, ಬಿಟ್‌ನಿಂದ ಹೊಗೆ ಬಂತು. ಹೆಬ್ಬಲಸು! ನಮ್ಮ ಕಡೆ ಮರದ ದೋಣಿ ಕಾಲದಿಂದಲೂ ದೋಣಿಗೆ ಬಳಸ್ತಿದ್ದ ಮರ, ಇಪ್ಪತ್ತೆರಡು ವರ್ಷ ಆಗಿ, ಅದರಲ್ಲಿ ಒಂಬತ್ತು ವರ್ಷ ನೀರಲ್ಲಿ ಕೂತು, ಹಾಗೇ ಇದೆ. ಸ್ಟ್ರಿಂಗರ್‌ಗೆ ಹೆಬ್ಬಲಸೇ ಬೇಕು ಅಂತ ಅಪ್ಪಯ್ಯ ಆವತ್ತು ಹಠ ಮಾಡಿ ಹಾಕಿಸಿದ್ದಂತೆ. ಪುಡಿ ತಂದು ಅವರ ಮೂಗಿಗೆ ಹಿಡಿದೆ, ಸುಮಾರು ಹೊತ್ತು ಕೈ ಬಿಡ್ಲಿಲ್ಲ.

ಮಾರ್ಚ್ 2, ನೀರು ತುಂಬಿ ನೋಡಿದ್ದು

ಹೊಳೆಗೆ ಇಳಿಸಿ ಸೋರುತ್ತಾ ನೋಡೋ ಬದಲು ಒಳಗೆ ನೀರು ತುಂಬಿ ಹೊರಗೆ ಎಲ್ಲಿ ಬರುತ್ತೆ ನೋಡೋದು. ಟ್ರಾನ್ಸಮ್ ತೂತುಗಳಿಗೆ ಟೇಪ್ ಹಾಕಿ, ಬಾವಿ ಪಂಪಿಂದ ತಳದಲ್ಲಿ ಒಂದು ಗೇಣು ನೀರು, ಕಾಣ್ಲಿ ಅಂತ ಬಟ್ಟೆಗೆ ಹಾಕೋ ನೀಲಿ ಕಲಸಿದೆ. ಇಲ್ಲಿ ಮಾಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಒಂದು ಗೇಣು ಅಂದ್ರೆ ಐನೂರು ಲೀಟರ್ ಮೇಲಾಗುತ್ತೆ, ಅರ್ಧ ಟನ್, ದೋಣಿ ಕೂತಿರೋದು ನಾಲ್ಕೇ ಟೈರ್ ಮೇಲೆ. ಕಟಕ್ ಅಂತ ಒಂದು ಶಬ್ದ ಬಂತು, ಓಡಿ ಪಂಪ್ ನಿಲ್ಲಿಸಿದೆ. ಎಡಗಡೆ ಹಿಂದಿನ ಟೈರ್ ಮೇಲೆ ಒಂದು ಗೇಣು ಉದ್ದದ ಹೊಸ ಬಿರುಕು, ಮೇಲ್ಪದರದ್ದೇ, ಆದ್ರೂ ನಾನೇ ಮಾಡಿದ್ದು. ನೀರಲ್ಲಿ ತೇಲುವಾಗ ಹೊರಗಿನ ನೀರು ತಳವನ್ನ ಎಲ್ಲಾ ಕಡೆ ಸಮನಾಗಿ ಒತ್ತಿ ಹಿಡಿದಿರುತ್ತೆ, ನೆಲದ ಮೇಲೆ ಆ ಆಸರೆ ಇಲ್ಲ. ಅರ್ಧ ನೀರು ತೆಗೆದು, ಇನ್ನೂ ಆರು ಟೈರ್ ಮತ್ತೆ ಮರಳಿನ ಚೀಲ ತುರುಕಿ ಮುಂದುವರಿಸಿದೆ. ನಾಲ್ಕು ಬೆರಳು ನೀರು ಸಾಕಿತ್ತು.

ನೀಲಿ ಕಂಡದ್ದು ಎರಡೇ ಕಡೆ. ಬಿರಡೆಯ ತೂತಿನ ಸುತ್ತ, ಮತ್ತೆ ಮುಂದಿನ ಹಳೇ ತೇಪೆ ಎದ್ದ ಜಾಗ.

ಆ ಮುಂದಿನ ಜಾಗ ಹೇಗೂ ಕೊಯ್ದು ಮಾಡ್ಬೇಕು, ಅದಕ್ಕೇ ಅಲ್ಲಿಂದ 50 ಎಂಎಂ ಹೋಲ್‌ಸಾದಲ್ಲಿ ಒಂದು ಬಿಲ್ಲೆ ತೆಗೆದೆ. ದಪ್ಪ 7 ಎಂಎಂ, ತೂಕ 16.8 ಗ್ರಾಂ. ಅಂಗಳದ ಮೂಲೆಯಲ್ಲಿ ಬ್ಲೋ ಟಾರ್ಚ್ ಹಿಡಿದು ಸುಟ್ಟೆ, ಹೊಗೆ ಕಪ್ಪು, ಕೆಟ್ಟದ್ದು, ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕು. ರೆಸಿನ್ ಎಲ್ಲ ಸುಟ್ಟು ಹೋಗಿ ಗಾಜಿನ ಎಳೆ ಮಾತ್ರ ಉಳಿಯುತ್ತೆ, ಪುಸ್ತಕದ ಹಾಳೆ ಥರ ಬಿಡಿಸಿ ಎಣಿಸಬಹುದು. ಐದು ಪದರ ಚಾಪ್ಡ್ ಮ್ಯಾಟ್ (ತುಂಡು ಎಳೆಗಳ ಹಾಸು), ಎರಡು ಪದರ ನೇಯ್ದ ರೋವಿಂಗ್ (ಬಟ್ಟೆ ಥರ ನೇಯ್ದ ದಪ್ಪ ಎಳೆ), ತೂಕ 5.7 ಗ್ರಾಂ. ಮೂರರಲ್ಲಿ ಒಂದು ಪಾಲು ಗಾಜು, ಕೈಯಲ್ಲಿ ಕಟ್ಟಿದ ದೋಣಿಗೆ ಇದು ಸರಿಯಾದ ಲೆಕ್ಕ. ಮಾಡಿದೋರು ರೆಸಿನ್ ಸುರಿದು ದಪ್ಪ ತೋರಿಸಿಲ್ಲ, ಗಾಜನ್ನೇ ಹಾಕಿದ್ದಾರೆ. ಉಳಿಸೋದು ಅಂತ ನಾನು ತೀರ್ಮಾನ ಮಾಡಿದ್ದು ಈ ಬಿಲ್ಲೆ ನೋಡಿ.

ಮಾರ್ಚ್ 9 ತನಕದ ಲೆಕ್ಕ

ತಪಾಸಣೆಗೇ ಆದ ಖರ್ಚು, ಬಾಡಿಗೆ, ಡಿಸ್ಕು, ಮಾಸ್ಕು, ಬೇಡದ ಮೀಟರ್ ಮುಂತಾದ್ದೆಲ್ಲ ಸೇರಿ 4,350. ದಂಡ ಹೋದ ಪೇಂಟಿನ 4,800 ಬೇರೆ. ರಿಪೇರಿಗೆ ಬರೆದುಕೊಂಡ ಸಾಮಾನು, ಟ್ರಾನ್ಸಮ್‌ಗೆ ಎರಡು ಪದರ 18 ಎಂಎಂ ಮರೀನ್ ಪ್ಲೈ, ರೆಸಿನ್, ಮ್ಯಾಟು, ಹೊಸ ಫೋಮ್, ಸುಮಾರು 31,000. ಇದೇ ಅಳತೆಯ ಹೊಸ ದೋಣಿಗೆ ನಂಗೆ ಹೇಳಿದ ರೇಟು 1.65 ಲಕ್ಷ. ಸ್ಟ್ರಿಂಗರ್ ಹೋಗಿದ್ರೆ ಅಥವಾ ಬಿಲ್ಲೆಯಲ್ಲಿ ಪದರ ಬಿಟ್ಟಿದ್ರೆ ನಾನು ಈ ಕೆಲಸಕ್ಕೆ ಇಳೀತಿರ್ಲಿಲ್ಲ, ಟ್ರಾನ್ಸಮ್ ಒಂದು ಕಡೆಯ ಕೆಲಸ, ತಳ ಹೋದ್ರೆ ಇಡೀ ದೋಣಿನೇ ಮತ್ತೆ ಕಟ್ಟಿದ ಹಾಗೆ.

ಕಳೆದ ವಾರ ಟ್ರಾನ್ಸಮ್‌ನ ಒಳ ಚರ್ಮ ಕೊಯ್ದು ಕೊಳೆತ ಪ್ಲೈ ತೆಗೆಯೋಕೆ ಶುರು ಮಾಡಿದ್ದೀನಿ. ಕೆಳಗಿನ ಅರ್ಧ ಕೈಯಲ್ಲೇ ಬಾಚಿ ಬಂತು, ಮೇಲಿನ ಒಣ ಭಾಗವೇ ಬಿಡ್ತಿಲ್ಲ, ಹೊರ ಚರ್ಮಕ್ಕೆ ಏಟು ಬೀಳದ ಹಾಗೆ ಉಳಿಯಲ್ಲಿ ಚಕ್ಕೆ ಚಕ್ಕೆ ಎಬ್ಬಿಸ್ಬೇಕು, ಮೂರು ಸಂಜೆ ಹಿಡೀತು. ಜೂನ್ ಮಳೆ ಶುರುವಾದ್ರೆ ತೇವದ ಗಾಳಿಯಲ್ಲಿ ರೆಸಿನ್ ಕೆಲಸ ಆಗಲ್ಲ, ಅದಕ್ಕೇ ಮೇ 20ರ ಒಳಗೆ ಫೈಬರ್ ಕೆಲಸ ಮುಗೀಬೇಕು.

ಇವತ್ತು ಮುಕ್ಕಾಲಿ ಮತ್ತೆ ತಂದು ತೂಗಿದೆ, ಈ ಸಲ ಅಡ್ಡ ಮರ ಸರಿ ಜಾಗದಲ್ಲೇ ಇಟ್ಟು. ಮುಂದೆ 164, ಹಿಂದೆ 198. ಒಟ್ಟು 362. ಅಪ್ಪಯ್ಯಂಗೆ ಕೂಗಿ ಹೇಳಿದೆ, "ಒಳ ಬದಿ ಒಣ್ಗೂಕ್ ಬಿಡ್, ಹದ್ನೈದ್ ದಿವ್ಸ ಮುಟ್ಟ್ಬೇಡ" ಅಂದ್ರು. ಮೇಲೆ ಟಾರ್ಪಾಲು ಕಟ್ಟಿ, ಎರಡು ಬದಿ ಗಾಳಿಗೆ ಬಿಟ್ಟಿದ್ದೀನಿ.